ನಿನ್ನ ದೆವ್ವದ ಕಥೆ ಓದಿದೆ

ಪ್ರೀತಿಯ ಪುಟ್ಟಿ,

ನಿನ್ನ ಕಥೆ ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಯಾರು ಯಾರ ಮಗ ಅಂತ ಗೊತ್ತಾಗದೆ, ಕೋಪ ಮಾಡಿಕೊಳ್ಳಬೇಡ.

ಮೊದಲ ಪುಟದಲ್ಲೇ ಗುಡುಗು, ಬಾವಲಿ, ತಾನೇ ತೆರೆದುಕೊಳ್ಳುವ ಬಾಗಿಲು. ಸ್ವಲ್ಪ ಜಾಸ್ತಿ ಆಯಿತು, ಅಲ್ವಾ? 1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ ಬರೆದ ದೆವ್ವದ ಕಾದಂಬರಿಯಲ್ಲಿ ಮದುಮಗನ ಮೇಲೆ ದೈತ್ಯ ಶಿರಸ್ತ್ರಾಣ ಬಿದ್ದು ಅವನು ಅಪ್ಪಚ್ಚಿಯಾಗುತ್ತಾನೆ. ಈಗ ಅದನ್ನು ಓದಿದರೆ ನಗು ಬರುತ್ತದೆ. ಆದರೆ ಬೇರು ಗಟ್ಟಿ: ಅಜ್ಜ ಬೇರೆಯವರ ಕೋಟೆ ನುಂಗಿದ್ದ, ಮೊಮ್ಮಗನ ಕಾಲಕ್ಕೆ ಲೆಕ್ಕ ಚುಕ್ತಾ ಆಗುತ್ತದೆ. ನಿನ್ನ ಕಥೆಯಲ್ಲಿ ಶಾಪ ಹಾಕಿದ್ದು ಯಾರೋ ದಾರಿಹೋಕ ಮುದುಕಿ. ಈ ಮನೆಯವರು ಆಕೆಗೆ ಮಾಡಿದ್ದಾದರೂ ಏನು? ನೀನೇ ಇನ್ನೂ ಯೋಚಿಸಿಲ್ಲ ಅಂತ ನನ್ನ ಗುಮಾನಿ.

ಅವರು ಮನೆ ಬಿಟ್ಟು ಯಾಕೆ ಹೋಗುವುದಿಲ್ಲ? ಓದುವವರು ಮೊದಲು ಕೇಳುವುದೇ ಇದನ್ನು. ಸೇತುವೆ ಮುರಿದಿದೆ ಅಂದಿದ್ದೀಯ. ಅದು ಒಂದು ರಾತ್ರಿಗೆ ಸಾಕು, ಮೂರು ತಲೆಮಾರಿಗೆ ಸಾಲದು. ಗುಟ್ಟು ಹೊರಬೀಳುವ ಭಯಕ್ಕೆ ಅವರೇ ಅಂಟಿಕೊಂಡು ಕೂತಿರಬೇಕು.

ದೆವ್ವ ಇದೆಯೋ ಇಲ್ಲವೋ ಅನ್ನುವುದನ್ನೂ ಬೇಗ ಬಿಟ್ಟುಕೊಡಬೇಡ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯರೊಬ್ಬರು ಒಂದು ಕುಟುಂಬದ ಅನುಭವ ಪ್ರಕಟಿಸಿದ್ದರು. ಹಳೇ ಮನೆ, ರಾತ್ರಿ ಹೆಜ್ಜೆ ಸಪ್ಪಳ, ಹಾಸಿಗೆಯ ಹತ್ತಿರ ಬಂದು ನಿಲ್ಲುವ ಆಕೃತಿಗಳು, ಎಲ್ಲ ಇತ್ತು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಒಲೆ ಕೆಟ್ಟು, ಒಳಗೆಲ್ಲ ಕಾರ್ಬನ್ ಮಾನಾಕ್ಸೈಡ್ ಅನ್ನುವ, ತಲೆ ಕೆಡಿಸಿ ಭ್ರಮೆ ಹುಟ್ಟಿಸುವ ವಿಷಾನಿಲ ತುಂಬುತ್ತಿತ್ತು. ನಿನ್ನ ಕಥೆಯಲ್ಲೂ ಅಂಥದೊಂದು ಒಲೆ ಇರಲಿ. ರಿಪೇರಿ ಆಗಲಿ, ಎಲ್ಲರೂ ನಿಟ್ಟುಸಿರು ಬಿಡಲಿ. ಆಮೇಲೆ ಹೆಜ್ಜೆ ಸಪ್ಪಳ ಇನ್ನೊಂದು ಸಲ, ಒಂದೇ ಸಲ, ಕೇಳಿಸಲಿ.

ಒಂಬತ್ತನೇ ಪುಟದ ಬಾಗಿಲ ಚೌಕಟ್ಟನ್ನು ಮಾತ್ರ ಮುಟ್ಟಬೇಡ. ಮಕ್ಕಳನ್ನು ನಿಲ್ಲಿಸಿ ಎತ್ತರಕ್ಕೆ ಎಳೆದ ಪೆನ್ಸಿಲ್ ಗೆರೆಗಳು. ಮಕ್ಕಳು ನಾಲ್ವರು, ಗೆರೆಗಳ ಸಾಲು ಐದು. ಐದನೆಯದರಲ್ಲಿ ವರ್ಷವರ್ಷವೂ ಅದೇ ಜಾಗದಲ್ಲಿ ಎಳೆದೂ ಎಳೆದೂ ಮರ ಗುಳಿಬಿದ್ದಿದೆ. ಅದನ್ನು ಓದಿ ನಾನು ಎದ್ದು ಹೋಗಿ ದೀಪ ಹಾಕಿದೆ, ಸುಮ್ನೆ ಹೇಳುತ್ತಿಲ್ಲ.

ನೀನು ಇದನ್ನು ಎರಡು ಸಾಲಲ್ಲಿ ಮುಗಿಸಿ ಮತ್ತೆ ಬಾವಲಿಗಳ ಹಿಂದೆ ಹೋಗಿದ್ದೀಯ! ಶಾಪ ಇರುವುದು ಇಲ್ಲೇ ಕಣೇ. ಆ ಮುದುಕಿಯನ್ನು ಕಳಿಸಿಬಿಡು. ಬೆಳೆಯದ ಆ ಮಗು ಯಾರು, ಅದಕ್ಕೆ ಏನಾಯಿತು, ಈಗಲೂ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಿರುವವರು ಯಾರು, ಅಲ್ಲಿಂದ ಶುರು ಮಾಡು. ಮಗುವಿನ ಹೆಸರನ್ನು ಮಾತ್ರ ಆ ಮನೆಯಲ್ಲಿ ಯಾರ ಬಾಯಲ್ಲೂ ಬರಿಸಬೇಡ.

ತಿದ್ದಿ ಕಳಿಸು. ಈ ಸಲ ಹಗಲಲ್ಲೇ ಓದುತ್ತೇನೆ.

ನಿನ್ನ
ದೊಡ್ಡಪ್ಪ