ನಾಮಫಲಕದ ದಪ್ಪಕ್ಷರ: ಕನ್ನಡಕ್ಕೂ ಅಸಲಿ ಬೋಲ್ಡ್ ಬೇಕು

ಮಾನ್ಯ ಸಂಪಾದಕರೇ,

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಂದ ಮೇಲೆ ಅಂಗಡಿಗಳ ಬೋರ್ಡುಗಳು ಹೊಸದಾಗುತ್ತಿವೆ. ಕನ್ನಡಕ್ಕೆ ಜಾಗ ಸಿಕ್ಕಿರುವುದು ಸಂತೋಷ. ಆದರೆ ಎಷ್ಟೋ ಕಡೆ ಇಂಗ್ಲಿಷ್ ಹೆಸರು ರಾಕ್‌ವೆಲ್ ಅಥವಾ ಕ್ಲಾರೆಂಡನ್‌ನಂಥ ದಪ್ಪ ಸ್ಲ್ಯಾಬ್ ಸೆರಿಫ್ ಫಾಂಟಿನಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಅದಕ್ಕೆ ಸಾಟಿಯಾಗಲೆಂದು ತೆಳುವಾದ ಕನ್ನಡ ಫಾಂಟಿನ ಸುತ್ತ ಗೆರೆ ಕೊಟ್ಟು ಉಬ್ಬಿಸಿರುತ್ತಾರೆ. ರಸ್ತೆಯ ಆಚೆ ಬದಿಯಿಂದ ನೋಡಿದರೆ ಒತ್ತಕ್ಷರಗಳು ಬರೀ ಮುದ್ದೆ. ಇದು ಡಿಟಿಪಿಯಲ್ಲೇ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹಂತದಲ್ಲೇ) ಸರಿಪಡಿಸಬಹುದಾದ ತಪ್ಪು, ಆದ್ದರಿಂದ ಈ ಪತ್ರ.

ಗೆರೆಯ ತುದಿಗೆ ಹೆಚ್ಚುಕಡಿಮೆ ಗೆರೆಯಷ್ಟೇ ದಪ್ಪದ ಚೌಕ ಪಟ್ಟಿ ಕೂರಿಸಿದ ಅಕ್ಷರವೇ ಸ್ಲ್ಯಾಬ್ ಸೆರಿಫ್. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಮುಂತಾದ ಅಚ್ಚುಮೊಳೆ ತಯಾರಕರು ಇದನ್ನು ಮಾರುಕಟ್ಟೆಗೆ ತಂದರು. ಪುಸ್ತಕದ ಅಕ್ಷರಗಳ ಸಣ್ಣ ಎಳೆಗಳು ಗೋಡೆಯ ಜಾಹೀರಾತಿನಲ್ಲಿ ದೂರಕ್ಕೆ ಕಾಣುತ್ತಿರಲಿಲ್ಲ, ಈ ಅಕ್ಷರ ಕಾಣುತ್ತಿತ್ತು. 1845ರಲ್ಲಿ ರಾಬರ್ಟ್ ಬೆಸ್ಲಿ ಕ್ಲಾರೆಂಡನ್ ಹೊರತಂದರು. ಅದರಲ್ಲಿ ಪಟ್ಟಿಯು ಗೆರೆಗೆ ಸಣ್ಣ ಬಾಗಿನೊಂದಿಗೆ ಕೂಡುತ್ತದೆ. ಪಠ್ಯದ ಅಕ್ಷರದ ಪಕ್ಕದಲ್ಲೇ ಹೊಂದಿಕೊಂಡು ನಿಲ್ಲುವುದರಿಂದ ನಿಘಂಟುಗಳಲ್ಲಿ ಮುಖ್ಯಪದಗಳನ್ನು ಎತ್ತಿ ತೋರಿಸಲು ಒದಗಿತು. ಮೊನೊಟೈಪ್ ಕಂಪನಿಯ ರಾಕ್‌ವೆಲ್ 1934ರದು. ಅಲ್ಲಿ ಬಾಗಿಲ್ಲ, ಪಟ್ಟಿ ನೇರ ಮೂಲೆಯಲ್ಲಿ ಕೂಡುತ್ತದೆ.

ಮೇಲೆ 'ಹೆಚ್ಚುಕಡಿಮೆ' ಎಂದದ್ದಕ್ಕೆ ಕಾರಣವಿದೆ. ಅಡ್ಡಗೆರೆ, ಉದ್ದಗೆರೆ ಎರಡೂ ಒಂದೇ ಅಳತೆಯಲ್ಲಿದ್ದರೆ ಕಣ್ಣಿಗೆ ಅಡ್ಡಗೆರೆಯೇ ದಪ್ಪ ಕಾಣುತ್ತದೆ. ಅದಕ್ಕೇ ಅದನ್ನು ತುಸು ತೆಳುವಾಗಿಸುತ್ತಾರೆ. ದಪ್ಪ ಏರಿದಂತೆ ಜಾಗದ ಬಿಕ್ಕಟ್ಟೂ ಏರುತ್ತದೆ. ಇಂಗ್ಲಿಷಿನ ಸಣ್ಣಕ್ಷರ 'ಇ'ಯಲ್ಲಿ (e) ಮೇಲೆ, ನಡುವೆ, ಕೆಳಗೆ ಎಂದು ಮೂರು ಅಡ್ಡಗೆರೆ ಬರುತ್ತವೆ. ಅಕ್ಷರದ ಎತ್ತರ 500 ಘಟಕ (ಫಾಂಟಿನೊಳಗಿನ ಅಳತೆ), ಉದ್ದಗೆರೆ 150 ಘಟಕ ಎಂದುಕೊಳ್ಳಿ. ಅಡ್ಡಗೆರೆಗಳನ್ನೂ 150ರಲ್ಲೇ ಎಳೆದರೆ 450 ಅಲ್ಲೇ ಮುಗಿದು, ಒಳಗಿನ ಎರಡು ಖಾಲಿ ಜಾಗಕ್ಕೆ ತಲಾ 25 ಉಳಿಯುತ್ತದೆ. 100ಕ್ಕೆ ಇಳಿಸಿದರೆ ತಲಾ 100 ಸಿಗುತ್ತದೆ. ಅಸಲಿ ಬೋಲ್ಡ್‌ನಲ್ಲಿ (ದಪ್ಪಕ್ಕೆಂದೇ ಬೇರೆಯಾಗಿ ಬಿಡಿಸಿದ ಅಕ್ಷರಗಳಲ್ಲಿ) ವಿನ್ಯಾಸಕ ಈ ಹೊಂದಾಣಿಕೆಯನ್ನು ಒಂದೊಂದು ಅಕ್ಷರಕ್ಕೂ ಮಾಡಿರುತ್ತಾನೆ.

ಸಾಫ್ಟ್‌ವೇರಿನ ಔಟ್‌ಲೈನ್‌ಗೆ ಇದು ಯಾವುದೂ ಗೊತ್ತಿಲ್ಲ. ಹೊರಗೂ ಒಳಗೂ 20 ಘಟಕ ಬಳಿದರೆ 100 ಇದ್ದ ಒಳಜಾಗ 60ಕ್ಕೆ ಬೀಳುತ್ತದೆ, ಪಕ್ಕದ ಅಕ್ಷರಗಳ ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ. ಅಗಲಕ್ಕೆ ಎಳೆಯುವುದು ಇನ್ನೂ ಕೆಟ್ಟದ್ದು. ಶೇ 130ಕ್ಕೆ ಹಿಗ್ಗಿಸಿದಾಗ 150ರ ಉದ್ದಗೆರೆ 195 ಆಗುತ್ತದೆ, ಪಟ್ಟಿಯ ದಪ್ಪ ಮಾತ್ರ ಇದ್ದಷ್ಟೇ ಇರುತ್ತದೆ. ಸ್ಲ್ಯಾಬ್ ಸೆರಿಫ್‌ನ ಗುಣವೇ ಅಲ್ಲಿಗೆ ಹೋಯಿತು.

ಕನ್ನಡದಲ್ಲಿ ಪೆಟ್ಟು ಇನ್ನೂ ಜೋರು. ನಮ್ಮ ಅಕ್ಷರಗಳು ದುಂಡಗೆ, ಒಳಗೆ ಸುರುಳಿ, ಕೆಳಗೆ ಒತ್ತು. ಹಲವು ಮಹಾಪ್ರಾಣಗಳನ್ನು ಗುರುತಿಸುವುದು ಬುಡದ ಒಂದು ಸಣ್ಣ ಸೀಳು. ಅದು ತುಂಬಿಕೊಂಡರೆ ಧ-ದ, ಫ-ಪ, ಢ-ಡ ಒಂದೇ. ಪರೀಕ್ಷೆಗೆ 'ವಸ್ತ್ರ ಭಂಡಾರ' ಎಂದು ಟೈಪ್ ಮಾಡಿ ನೋಡಿ: ಎರಡು ಒತ್ತು, ಒಂದು ಸೀಳು, ಒಂದು ಸೊನ್ನೆ ಎಲ್ಲವೂ ಅದರಲ್ಲಿವೆ. ಪರದೆಯ ಮೇಲೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಕುಗ್ಗಿಸಿ, ಮೂರು ಮೀಟರ್ ಹಿಂದೆ ಸರಿದು ಓದಿ. ಸೀಳು ಕಾಣದಿದ್ದರೆ ಆ ಫಾಂಟು ಬೋರ್ಡಿಗೆ ಬೇಡ.

ಇಂಗ್ಲಿಷಿಗೆ ಹೊಂದಲೆಂದು ತಲೆಕಟ್ಟಿಗೆ ಚೌಕ ಪಟ್ಟಿ ಅಂಟಿಸುವವರೂ ಇದ್ದಾರೆ. ದಯವಿಟ್ಟು ಬೇಡ. ತಲೆಕಟ್ಟು ಅಕ್ಷರದ ಅಂಗ, ತುದಿಯ ಅಲಂಕಾರವಲ್ಲ. ಅದನ್ನು ಊದಿಸಿದರೆ ಗುಡಿಸಿಗೂ ಎತ್ವಕ್ಕೂ ಜಾಗವಿರುವುದಿಲ್ಲ. ಹೊಂದಿಸಬೇಕಾದದ್ದು ಗೆರೆಯ ದಪ್ಪವನ್ನು, ಪಾಯಿಂಟ್ ಸೈಜನ್ನಲ್ಲ. ಕನ್ನಡವನ್ನು ಬೇಕಾದ ಗಾತ್ರಕ್ಕೆ ಮೊದಲು ಕೂರಿಸಿ, ಅದರ ಗೆರೆ ಅಳೆದು, ಇಂಗ್ಲಿಷಿನ ತೂಕವನ್ನು (ಫಾಂಟಿನ ದಪ್ಪದ ಮಟ್ಟವನ್ನು) ಅದಕ್ಕೆ ತಕ್ಕಂತೆ ಇಳಿಸಿ. ಅನೇಕ್ ಕನ್ನಡ ಫಾಂಟಿನಲ್ಲಿ 100ರಿಂದ 800ರವರೆಗೆ ತೂಕ ಬದಲಿಸಬಹುದು, ಅಗಲವನ್ನೂ ಎಳೆಯದೆ ಹೆಚ್ಚಿಸಬಹುದು. ನೋಟೊ ಸೆರಿಫ್ ಕನ್ನಡ, ಇಂಗ್ಲಿಷಿಗೆ ರೊಬೊಟೊ ಸ್ಲ್ಯಾಬ್ ಎರಡೂ 100ರಿಂದ 900ರವರೆಗೆ ಸಿಗುತ್ತವೆ. ಮೂರೂ ಉಚಿತ. ಆದರೆ ಒಂದರ 700 ಇನ್ನೊಂದರ 700ಕ್ಕೆ ಸಮವೆಂದು ನಂಬಬೇಡಿ, ಅಳೆದೇ ನೋಡಿ.

ಕತ್ತರಿಸುವ ಯಂತ್ರಕ್ಕೂ ಅದರದೇ ಮಿತಿಯಿದೆ. ಅಕ್ರಿಲಿಕ್ ಕೊರೆಯುವ ರೂಟರ್ ಯಂತ್ರದ ಬಿಟ್ (ತಿರುಗುತ್ತ ಕೊರೆಯುವ ಕಡ್ಡಿ) 3 ಮಿ.ಮೀ. ದಪ್ಪವಿದ್ದರೆ ಒಳಮೂಲೆಗಳು 1.5 ಮಿ.ಮೀ. ತ್ರಿಜ್ಯದಲ್ಲಿ ದುಂಡಗಾಗುತ್ತವೆ. ಸಣ್ಣ ಗಾತ್ರದಲ್ಲಿ ರಾಕ್‌ವೆಲ್‌ನ ಚೂಪು ಮೂಲೆ ಉಳಿಯುವುದಿಲ್ಲ, ಮೊದಲೇ ಬಾಗಿರುವ ಕ್ಲಾರೆಂಡನ್ ಚೆನ್ನಾಗಿ ಬರುತ್ತದೆ. ಮಹಾಪ್ರಾಣದ ಸೀಳು 3 ಮಿ.ಮೀ.ಗಿಂತ ಕಿರಿದಾಗಿದ್ದರೆ ಆ ಬಿಟ್ ಅದರೊಳಗೆ ಇಳಿಯುವುದೇ ಇಲ್ಲ. ಹಿಂದಿನಿಂದ ಬೆಳಕು ಬರುವ ಬೋರ್ಡಾದರೆ ಪ್ರಭೆ ಹರಡಿ ಒಳಜಾಗ ಕಿರಿದಾಗುತ್ತದೆ, ಆದ್ದರಿಂದ ತೂಕವನ್ನು ಒಂದು ಮೆಟ್ಟಿಲು ಇಳಿಸಬೇಕು.

ನಾಮಫಲಕ ಪರಿಶೀಲಿಸುವ ಸ್ಥಳೀಯ ಸಂಸ್ಥೆಗಳಲ್ಲಿ ಒಂದು ವಿನಂತಿ: ಶೇ 60 ಅಳೆಯುವಾಗ ರಸ್ತೆಯ ಎದುರು ಬದಿಗೆ ಹೋಗಿ ಒತ್ತಕ್ಷರ, ಮಹಾಪ್ರಾಣ ಓದಲು ಬರುತ್ತವೆಯೇ ಎಂದೂ ನೋಡಿ. ಬರದಿದ್ದರೆ ಅಸಲಿ ಬೋಲ್ಡ್‌ನಲ್ಲಿ ಮತ್ತೆ ಮಾಡಿಸಲು ಹೇಳಿ.

— ಅಕ್ಷರ ವಿನ್ಯಾಸಕ, ಗದಗ