ಗಣೇಶನ ಮದುವೆ ನೋಡಿದ್ವಿ, ಅಜ್ಜಿಗೊಂದು ಜವಾಬು ಇದೆ

ಬುಡಾಪೆಸ್ಟ್
ಭಾನುವಾರ ರಾತ್ರಿ

ಅಮ್ಮ,

ಎಲ್ಲ ಹೆಂಗಿದೀರಿ. ಫೋನ್ ಮಾಡಿದ್ರೆ ಅಜ್ಜಿಗೆ ಸರಿಯಾಗಿ ಕೇಳ್ಸಲ್ಲ, ನೀನು ಹಾಲು ಉಕ್ತು ಅಂತ ಓಡ್ತೀಯ, ಅಪ್ಪಯ್ಯ ಎರಡು ಸಲ ಹ್ಞೂ ಅಂದು ಪುಟ್ಟಂಗೆ ಕೊಡ್ತಾರೆ, ಅವ ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡ್ತಾನೆ. ಅದಕ್ಕೇ ಇಷ್ಟುದ್ದ ಟೈಪ್ ಮಾಡಿ ಕಳಿಸ್ತಿದೀನಿ. ರಾತ್ರಿ ಊಟ ಆದ್ಮೇಲೆ ಪುಟ್ಟ ಜಗಲಿ ಮೇಲೆ ಕೂತು ಅಜ್ಜಿ ಕಿವಿ ಹತ್ರ ಜೋರಾಗಿ ಓದ್ಲಿ, ಮಳೆ ಹೊಡೀತಿದ್ರೆ ಇನ್ನೂ ಜೋರಾಗಿ. ಅಪ್ಪಯ್ಯ ಅಡಿಕೆಗೆ ಕೊಳೆ ಔಷಧಿ ಮೊದಲ್ನೇ ಸಲದ್ದು ಹೊಡೆಸಿ ಆಯ್ತಾ? ಇಲ್ಲಿ ಮಳೆ ಸುದ್ದಿನೇ ಇಲ್ಲ, ರಾತ್ರಿ ಎಂಟೂವರೆ ಆದ್ರೂ ಬೆಳಕು ಹೋಗಲ್ಲ, ದೀಪ ಹಚ್ಚೋ ಹೊತ್ತು ಯಾವ್ದು ಅಂತಾನೇ ಗೊತ್ತಾಗಲ್ಲ ಮಾರಾಯ್ತಿ.

ವಿಷ್ಯ ಎಂತ ಅಂದ್ರೆ ನಿನ್ನೆ ನಮ್ಮ ಮನೇಲಿ ಗಣೇಶನ ಮದುವೆ. ಅದೇ, ಅನಂತ್‌ನಾಗ್ ವಿನಯಾ ಪ್ರಸಾದ್ ಇರೋ ಸಿನಿಮಾ, 1990ರದ್ದು, ಟೀವೀಲಿ ಬಂದಾಗೆಲ್ಲ ನೀನು ಅನ್ನ ಬಸಿಯೋದು ಮರೆತು ನಿಂತ್ಕೊಂಡು ನೋಡ್ತಿದ್ಯಲ್ಲ ಅದು. ಧಾರವಾಡದ ರೂಮ್‌ಮೇಟ್ ಬೇಜಾರಲ್ಲಿದ್ಲು, ನಗು ಬರೋದು ಏನಾದ್ರೂ ಹಾಕು ಅಂದ್ಲು. ಅವಳ ಆಫೀಸಿನ ಬೆಂಗ್ಳೂರು ಹುಡುಗ ಒಬ್ಬ ಬಂದಿದ್ದ. ಅಷ್ಟೊತ್ತಿಗೆ ಮನೆ ಓನರ್ ಅಜ್ಜಿನೂ ತಟ್ಟೆ ಹಿಡ್ಕೊಂಡು ಬಂದ್ರು. ಇಲ್ಲಿ ವಯಸ್ಸಾದ ಹೆಂಗಸ್ರಿಗೆ ನೇನಿ ಅಂತಾರೆ, ನಾವೂ ಹಂಗೇ ಕರೆಯೋದು. ಪೊಗಾಚಾ ಅಂತ ಉಪ್ಪುಪ್ಪಿನ ಬನ್ನು, ಒಂದು ಮುಷ್ಟಿ ಗಾತ್ರ, ಅದನ್ನ ಮಾಡಿ ತಂದಿದ್ರು. ಕೂತವರು ಮೂರು ಗಂಟೆ ಏಳಲೇ ಇಲ್ಲ.

ಸಬ್‌ಟೈಟಲ್ ಇರ್ಲಿಲ್ಲ. ನಾನೇ ನಿಲ್ಸಿ ನಿಲ್ಸಿ ಅರ್ಧ ಇಂಗ್ಲಿಷು ಕಾಲು ಹಂಗೇರಿಯನ್ನು ಉಳಿದಿದ್ದು ಕೈಸನ್ನೆ ಅಂತ ಹೇಳ್ತಾ ಹೋದೆ. ವಠಾರ ಅಂದ್ರೆ ಎಂತ ಅಂತ ಹೇಳೋ ಕಷ್ಟ ಮಾತ್ರ ಬರ್ಲಿಲ್ಲ, ಬಾಗ್ಲು ತೆಗೆದು ಹೊರಗೆ ಕೈ ತೋರಿಸ್ದೆ ಅಷ್ಟೇ. ನಾವಿರೋ ಬಿಲ್ಡಿಂಗ್ ನಮ್ಮ ತೊಟ್ಟಿಮನೆಯನ್ನ ಮೇಲಕ್ಕೆ ಎಳೆದಂಗೆ ಇದೆ ಅಮ್ಮ, ನಡುವೆ ಅಂಗಳ, ಸುತ್ತ ನಾಲ್ಕು ಮಹಡಿ, ಒಂದೊಂದು ಮಹಡಿಗೂ ಕಬ್ಬಿಣದ ಕಂಬಿ ಹಾಕಿದ ಉದ್ದ ಜಗಲಿ, ಎಲ್ಲರ ಮನೆ ಬಾಗಿಲೂ ಆ ಜಗಲಿಗೇ. ಗಾಂಗ್ ಅಂತಾರೆ ಅದಕ್ಕೆ. ಹಳೇ ಬುಡಾಪೆಸ್ಟಲ್ಲಿ ಇಂಥ ಮನೆಗಳು ಬೇಕಾದಷ್ಟು. ನಾನು ಒಗ್ಗರಣೆಗೆ ಇಂಗು ಹಾಕಿದ್ರೆ ಮೂರನೇ ಮಹಡಿ ಮುದುಕಪ್ಪ ಕೆಮ್ಮೋದು ಇಲ್ಲಿಗೆ ಕೇಳ್ತದೆ.

ಮುಖ್ಯಮಂತ್ರಿ ಚಂದ್ರು ಬಂದಾಗ ರೂಮ್‌ಮೇಟ್ ಜೋರಾಗಿ ಹೆಸರು ಹೇಳಿ ನಕ್ಕಿದ್ದೇ ತಪ್ಪಾಯ್ತು. ಏನು ಹಂಗಂದ್ರೆ ಅಂತ ನೇನಿ ಕೇಳಿದ್ರು, ಚೀಫ್ ಮಿನಿಸ್ಟರ್ ಅಂತ ಬೆಂಗ್ಳೂರು ಹುಡುಗ ಹೇಳ್ಬಿಟ್ಟ. ನಿಮ್ಮಲ್ಲಿ ಮಂತ್ರಿಗಳೂ ಕಾಮಿಡಿ ಮಾಡ್ತಾರಾ ಅಂತ ಅವ್ರು ಕಣ್ಣು ಬಿಟ್ರು. ಮಾಡ್ತಾರೆ, ಆದ್ರೆ ಇವ್ರು ಅವರಲ್ಲ, ಮುಖ್ಯಮಂತ್ರಿ ಅನ್ನೋ ನಾಟಕದಲ್ಲಿ ಪಾತ್ರ ಮಾಡಿ ಮಾಡಿ ಹೆಸರೇ ಹಂಗೆ ಅಂಟಿಕೊಂಡಿದೆ ಅಂತ ಬಿಡಿಸಿ ಹೇಳೋ ಹೊತ್ತಿಗೆ ಹತ್ತು ನಿಮಿಷ ಹೋಯ್ತು. ಅಪ್ಪಯ್ಯಂಗೆ ಹೇಳು, ಮಾಲ್ಗುಡಿ ಡೇಸ್ ಶೂಟಿಂಗ್ ನೋಡಕ್ಕೆ ಅವ್ರು ಆಗುಂಬೆಗೆ ಸೈಕಲ್ ತುಳ್ಕೊಂಡು ಹೋಗಿ ಅನಂತ್‌ನಾಗ್ ಕಾಣದೆ ವಾಪಸ್ ಬಂದ ಕಥೆನೂ ಹೇಳ್ದೆ, ಅರಸಾಳು ಸ್ಟೇಷನ್ನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿರೋದನ್ನೂ ಹೇಳ್ದೆ. ಯಾರೂ ಕೇಳಿರ್ಲಿಲ್ಲ, ಆದ್ರೂ ಹೇಳ್ದೆ.

ಮುಗಿದ್ಮೇಲೆ ಶುರುವಾಯ್ತು ನೋಡು. ಬೆಂಗ್ಳೂರು ಹುಡುಗಂಗೆ ಸಿನಿಮಾನೇ ಒಪ್ಪಿಗೆ ಇಲ್ಲ. ಹೀರೋ ಗಣೇಶ, ವಠಾರದಲ್ಲಿ ದಿನಾ ಕಚ್ಚಾಡೋ ಆದಿಲಕ್ಷ್ಮಿನೇ ತಾನು ಮರುಳಾಗಿರೋ ಹಾಡುಗಾರ್ತಿ ಶ್ರುತಿ ಅಂತ ಗೊತ್ತಿಲ್ದೆ ಕಾಗದ ಬರೀತಾ ಇರ್ತಾನೆ, ಡಿಪಿ ನೋಡಿದ್ರೆ ಐದ್ನಿಮಿಷದಲ್ಲಿ ಮುಗಿಯೋ ಕಥೆನ ಇಷ್ಟುದ್ದ ಎಳೆದಿದಾರೆ ಅಂತ. ಇವನ ಬುದ್ಧಿಗಿಷ್ಟು. 1990ರಲ್ಲಿ ನಮ್ಮೂರಲ್ಲಿ ಫೋನ್ ಯಾರ ಮನೇಲಿತ್ತು, ಡಿಪಿ ಅಂತೆ ಡಿಪಿ. ರೂಮ್‌ಮೇಟ್ ಇಂಟರ್ವಲ್ ತನಕ ಗಣೇಶನ ಮೇಲೆ ಉರೀತಿದ್ಲು, ಹೆಣ್ಮಕ್ಕಳನ್ನ ಹಿಂಗ ಕಾಡೋದು ಕಾಮಿಡಿ ಏನ, ಹೀರೋ ಅಂತ ಮಾಫಿ ಏನ ಇವಂಗ ಅಂತ. ಅವ್ಳು ಹೇಳೋದ್ರಲ್ಲಿ ನ್ಯಾಯ ಇದೆ, ಆ ಕಾಲದ ಸಿನಿಮಾಗಳಲ್ಲಿ ಎಷ್ಟೋ ಕಡೆ ನಂಗೂ ಮುಖ ಕಿವಿಚೋ ಹಂಗಾಗ್ತದೆ. ಆದ್ರೆ ಕೊನೆಗೆ ಅವಳೇ, ಆಕಿನೂ ಬಿಡ್ಲಿಲ್ಲ ನೋಡ, ಒಂದಕ್ಕ ಎರಡು ಕೊಟ್ಲು, ಅದಕ್ಕ ಛಲೋ ಐತಿ ಅಂತ ಪಾಸ್ ಮಾಡಿದ್ಲು.

ನೇನಿದು ಬೇರೆನೇ ತಕರಾರು. ಇದು ನಮ್ಮೂರಿನ ಕಥೆ ಅಂದ್ಬಿಟ್ರು! ನಾವು ನಕ್ವಿ. ಅವ್ರು ನಗ್ಲಿಲ್ಲ. 1937ರಲ್ಲಿ ಹಂಗೇರಿಯವ್ರೇ ಒಬ್ರು, ಮಿಕ್ಲೋಶ್ ಲಾಸ್ಲೋ ಅಂತ, ಬರೆದ ನಾಟಕ ಇದೆ, ಒಂದು ಸೆಂಟಿನ ಅಂಗಡೀಲಿ ಕೆಲ್ಸ ಮಾಡೋ ಇಬ್ರು, ಮುಖ ಕಂಡ್ರೆ ಆಗಲ್ಲ, ಆದ್ರೆ ಗೊತ್ತಿಲ್ದೆ ಒಬ್ರಿಗೊಬ್ರು ಪ್ರೇಮಪತ್ರ ಬರೀತಿರ್ತಾರೆ. ಅದನ್ನೇ 1940ರಲ್ಲಿ ಅಮೆರಿಕದವ್ರು ಸಿನಿಮಾ ಮಾಡಿದ್ರು, ಮಾಡಿದ್ದು ಹಾಲಿವುಡ್ಡಲ್ಲಿ, ಕಥೆ ನಡೆಯೋದು ಮಾತ್ರ ಇದೇ ಬುಡಾಪೆಸ್ಟಲ್ಲಿ. ಆಮೇಲೆ 1998ರಲ್ಲಿ ಟಾಮ್ ಹ್ಯಾಂಕ್ಸ್ ಮೆಗ್ ರಯಾನ್ ಹಾಕ್ಕೊಂಡು ಕಾಗದದ ಬದ್ಲು ಇಮೇಲ್ ಮಾಡಿದ್ರು. ಅಂದ್ರೆ ನಮ್ಮ ಗಣೇಶ ಇಮೇಲಿನವರಿಗಿಂತ ಎಂಟು ವರ್ಷ ಹಿರಿಯ, ಅದನ್ನ ನಾನು ಬಿಡದೆ ಹೇಳ್ದೆ. ಕಥಿ ಏನ ಯಾರಪ್ಪನ ಮನಿ ಆಸ್ತಿ ಏನ್ರಿ ಅಂತ ರೂಮ್‌ಮೇಟ್ ಕನ್ನಡದಲ್ಲೇ ಅಂದ್ಲು, ನೇನಿಗೆ ಅದು ಹೊಗಳಿಕೆ ಅನ್ನಿಸ್ತೋ ಏನೋ ತಲೆ ಆಡಿಸಿದ್ರು.

ನಂಗೆ ಈ ಸಲ ನೋಡಿದಾಗ ಅನ್ಸಿದ್ದು ಬೇರೆ. ಕಾಗದದ ಭಾಗ ಸಪ್ಪೆ ಅಮ್ಮ. ಕಾಗದದಲ್ಲಿ ಇಬ್ರೂ ಸಿಕ್ಕಾಪಟ್ಟೆ ಒಳ್ಳೇವರಾಗಿಬಿಡ್ತಾರೆ, ಮಜಾ ಇರೋದು ವಠಾರದ ಜಗಳದಲ್ಲಿ. ಯಾವ ಮಾತು ಎಲ್ಲಿ ಚುಚ್ಚಿದ್ರೆ ಅವಳಿಗೆ ಉರೀತದೆ ಅಂತ ಅವಂಗೆ ಗೊತ್ತು, ಅವಳಿಗೂ ಗೊತ್ತು, ಅಷ್ಟು ಗೊತ್ತಿರೋಕೆ ದಿನಾ ಒಬ್ರನ್ನೊಬ್ರು ನೋಡ್ತಾ ಇದ್ರೆ ತಾನೇ ಆಗೋದು. ನೀನೂ ಆಚೆಮನೆ ಚಿಕ್ಕಮ್ಮನೂ ಬೇಲಿ ಮೇಲಿನ ಹಲಸಿನ ಮರಕ್ಕೆ ಎಷ್ಟು ವರ್ಷ ಜಗಳ ಆಡಿದ್ರಿ, ಆದ್ರೆ ಅವ್ರು ಶಿವಮೊಗ್ಗ ಆಸ್ಪತ್ರೇಲಿದ್ದಾಗ ಅವ್ರಿಗೆ ಕೊತ್ತಂಬರಿ ಸೊಪ್ಪು ಆಗಲ್ಲ ಅಂತ ನೆನಪಿಟ್ಟು ಸೊಪ್ಪಿಲ್ಲದ ಸಾರು ಕಟ್ಟಿ ಕಳಿಸಿದ್ದು ನೀನೊಬ್ಳೇ. ಅವ್ರ ಸ್ವಂತ ಸೊಸೆಗೆ ಅದು ಗೊತ್ತಿರ್ಲಿಲ್ಲ.

ಈಗ ಅಜ್ಜಿ ವಿಷ್ಯ. ಪುಟ್ಟ, ಇಲ್ಲಿಂದ ನಿಧಾನ ಓದು.

ಅಜ್ಜಿ, ನೀವು ಈ ಸಿನಿಮಾ ಬಂದಾಗೆಲ್ಲ ಒಂದೇ ಮಾತು ಹೇಳ್ತಿದ್ರಿ, ದಿನಾ ಬೈಸ್ಕೊಳೋ ದನಿ ಹಾಡಿದ್ರೆ ಗೊತ್ತಾಗಲ್ವನೇ, ಇವನೆಂತ ಕಿವುಡನಾ ಅಂತ. ನಾನೂ ಅದನ್ನ ನಂಬ್ಕೊಂಡೇ ಇದ್ದೆ. ನಿನ್ನೆ ನೇನಿ ಹತ್ರ ಹೇಳ್ದೆ, ಬೈಯೋ ದನಿ ಬೇರೆ ಹಾಡೋ ದನಿ ಬೇರೆ ಅಂದ್ರು. ಅದ್ಹೆಂಗೆ ಅಂತ ವಾದ ಮಾಡ್ತಾ ಇದ್ದೆ, ಮಾಡ್ತಾ ಮಾಡ್ತಾ ತಟ್ಟಂತ ನೆನಪಾಯ್ತು, ಸಣ್ಣಮಾವನ ಮಗಳ ಮದುವೆ. ಹಸೆಗೆ ಕರೆಯೋವಾಗ ನೀವು ಹಾಡು ಹೇಳಿದ್ದನ್ನ ಪುಟ್ಟ ಫೋನಲ್ಲಿ ರೆಕಾರ್ಡ್ ಮಾಡಿದ್ದ. ಮಾರನೇ ದಿನ ಅಡಿಕೆ ಸುಲಿಯೋ ಹೊತ್ತಲ್ಲಿ ಹಾಕಿದ, ನೀವು ಮೆಟ್ಟುಗತ್ತಿ ನಿಲ್ಸಿ ಕಿವಿ ಕೊಟ್ಟು ಕೇಳಿ, ಯಾರೇ ಅದು ಇಷ್ಟು ಚಂದ ಹೇಳ್ತಾಳೆ, ಗಂಡಿನ ಕಡೆಯವಳಾ ಅಂದ್ರಿ! ಎಲ್ರೂ ನಕ್ಕಿದ್ದಕ್ಕೆ ಸಿಟ್ಟು ಬಂದು ಎದ್ದೇ ಹೋದ್ರಿ. ನಿಮ್ಮ ದನಿ ನಿಮ್ಗೇ ಗುರ್ತು ಸಿಗ್ಲಿಲ್ಲ, ಪಾಪ ಆ ಗಣೇಶಂಗೆ ಆಚೆಮನೆಯವಳದ್ದು ಹೆಂಗೆ ಸಿಗ್ಬೇಕು ಹೇಳಿ. ಈ ಕೇಸಲ್ಲಿ ನೀವು ಸೋತ್ರಿ.

ನೇನಿಗೆ ಇದನ್ನ ಹೇಳಿದ್ದೇ ತಡ, ಆ ಹಾಡು ಕೇಳ್ಲೇಬೇಕು ಅಂತ ಕೂತಿದಾರೆ, ಇವತ್ತು ಬೆಳಿಗ್ಗೆ ಜಗಲೀಲಿ ಸಿಕ್ಕಾಗ್ಲೂ ಬಂತಾ ಅಂತ ಕೇಳಿದ್ರು. ಪುಟ್ಟ, ಅದು ನಿನ್ನ ಸ್ಕ್ರೀನ್ ಒಡೆದ ಹಳೇ ಫೋನಲ್ಲಿ ಇರ್ಬೇಕು, ಟೀವಿ ಸ್ಟ್ಯಾಂಡಿನ ಡ್ರಾಯರಲ್ಲಿ ನೋಡು. ಕಳಿಸೋ ಮೊದ್ಲು ಅಜ್ಜಿಗೆ ಯಾರದ್ದು ಅಂತ ಹೇಳ್ದೆ ಮತ್ತೊಂದ್ಸಲ ಕೇಳ್ಸು, ಎಂತ ಅಂತಾರೆ ಬರಿ.

ಅಪ್ಪೆಮಿಡಿ ಭರಣಿ ತಳ ಕಾಣ್ತಾ ಇದೆ ಅಮ್ಮ. ಅರ್ಧ ನೇನಿನೇ ಖಾಲಿ ಮಾಡಿದ್ದು, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸ್ಕೊಂಡು ಬ್ರೆಡ್ ಮೇಲೆ ಹಚ್ಕೊಂಡು ತಿಂತಾರೆ. ಯಾರಾದ್ರೂ ಈ ಕಡೆ ಬರೋವ್ರಿದ್ರೆ ಹೇಳು.

ನಿನ್ನ ಮಗಳು