ನಮ್ಮ ಇಪಿ ಬಂತು, ಮೊದಲ ಥ್ಯಾಂಕ್ಸ್ ಅಮ್ಮನಿಗೆ

ಶುಕ್ರವಾರ ನಮ್ಮ ಬ್ಯಾಂಡಿನ ಇಪಿ, ಅಂದರೆ ಆಲ್ಬಂಗಿಂತ ಚಿಕ್ಕ ರೆಕಾರ್ಡ್, ಹೊರಬಂತು. ನಾಲ್ಕು ಹಾಡು, ಎಲ್ಲ ಸೇರಿ 9 ನಿಮಿಷ 40 ಸೆಕೆಂಡ್. "ಒಂದು ಒಬ್ಬೆ ಇಡ್ಲಿ ಬೇಯೋಷ್ಟರಲ್ಲಿ ಮುಗಿದೇ ಹೋಯ್ತಲ್ಲೋ" ಅಂದರು ಅಮ್ಮ. ಅಮ್ಮ ಅಂದರೆ ನಮ್ಮ ಡ್ರಮ್ಮರ್‌ನ ಅಮ್ಮ. ಬ್ಯಾಂಡಿನಲ್ಲಿ ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುವುದು. ಈ ಬರಹದ ಜಾಸ್ತಿ ಭಾಗ ಅವರಿಗೇ ಹೋಗುತ್ತದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಗಿಟಾರಿಸ್ಟ್‌ಗೆ ಅಪಘಾತ ಆದದ್ದು ನಿಮಗೆ ಗೊತ್ತು. ಅವನ ಎಡಗೈ ಈಗ ಹೇಗಿದೆ ಅನ್ನುವುದೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಬರೆಯಬೇಡ ಎಂದು ಅವನೇ ಹೇಳಿದ್ದಾನೆ.

ಆದರೆ ಅವನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಪಿಯುಸಿ ಓದುವಾಗ ನಮ್ಮಿಬ್ಬರಿಗೂ ಸೇರಿ ಒಂದೇ ಇಯರ್‌ಫೋನ್ ಇತ್ತು. ಹನುಮಂತನಗರದಿಂದ ಮೆಜೆಸ್ಟಿಕ್‌ಗೆ ಹೋಗುವ ಬಿಎಂಟಿಸಿ ಬಸ್ಸಿನಲ್ಲಿ ಕೂತು ಅಮೆರಿಕದ ಪಂಕ್ ಬ್ಯಾಂಡ್ ರಮೋನ್ಸ್ ಕೇಳುತ್ತಿದ್ದೆವು. 1976ರ ಅವರ ಮೊದಲ ಆಲ್ಬಂನಲ್ಲಿ ಬೇಸ್ ಗಿಟಾರ್ ಎಡಗಡೆ ಇದೆ, ಗಿಟಾರ್ ಬಲಗಡೆ ಇದೆ. ಅವನು ಬಲಗಡೆಯದನ್ನು ಕಿವಿಗೆ ಹಾಕಿಕೊಳ್ಳುತ್ತಿದ್ದ, ನಾನು ಎಡಗಡೆಯದನ್ನು. ಅವನು ಗಿಟಾರ್ ಕಲಿತದ್ದು ಹಾಗೆ, ನಾನು ಬೇಸ್ ಕಲಿತದ್ದೂ ಹಾಗೆ. ಬೇರೆ ಮೇಷ್ಟ್ರು ಯಾರೂ ಇರಲಿಲ್ಲ. ಅವರ ಗಿಟಾರಿಸ್ಟ್ ಜಾನಿ ರಮೋನ್ ತಂತಿಯನ್ನು ಮೇಲಿನಿಂದ ಕೆಳಕ್ಕೆ ಹೊಡೆಯುತ್ತಿದ್ದರು, ಬರೀ ಡೌನ್‌ಸ್ಟ್ರೋಕ್. ಕೇಳುವಾಗ ಸುಲಭ ಅನ್ನಿಸುತ್ತದೆ. ಅದೇ ವೇಗದಲ್ಲಿ ಎರಡು ನಿಮಿಷ ಹೊಡೆದು ನೋಡಿ, ಮಣಿಕಟ್ಟು ಮರಗಟ್ಟಿ ಹೋಗುತ್ತದೆ. ಅವನು ಬಸ್ ಪಾಸನ್ನೇ ಗಿಟಾರ್ ಮೀಟುವ ಪಿಕ್ ತರ ಹಿಡಿದು, ಮುಂದಿನ ಸೀಟಿನ ಕಂಬಿಯ ಮೇಲೆ ಮೆಜೆಸ್ಟಿಕ್ ಬರುವವರೆಗೂ ಹೊಡೆಯುತ್ತಿದ್ದ. ಆ ಪಾಸಿನ ಒಂದು ಮೂಲೆ ಸವೆದು ಗುಂಡಗಾಗಿತ್ತು.

ಅಪಘಾತವಾದ ಆ ರಾತ್ರಿ ಆಸ್ಪತ್ರೆಯಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಅವನ ಅಪ್ಪ ಒಳಗಿದ್ದರು. ಡ್ರಮ್ಮರ್ ರಕ್ತಕ್ಕಾಗಿ ಓಡಾಡುತ್ತಿದ್ದ. ನಾನು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದೆ. 11 ಗಂಟೆ ಹೊತ್ತಿಗೆ ಅಮ್ಮ ಬಂದರು. ಸೀರೆಯ ಮೇಲೆ ಮಗನ ಜರ್ಕಿನ್, ಕೈಯಲ್ಲಿ ಸ್ಟೀಲ್ ಫ್ಲಾಸ್ಕ್. ಅದರ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಹಾಲಿನ ಕವರ್ ತುಂಡು ಮಾಡಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದ್ದರು. ಲೋಟ ಒಂದೇ. ಕಾಫಿ ಬಗ್ಗಿಸಿ "ಕುಡಿ" ಅಂದರು. ಪಕ್ಕದಲ್ಲಿ ಕೂತರು. ಬೆಳಗ್ಗೆ 6 ಗಂಟೆಯವರೆಗೂ ಅಲ್ಲಿಂದ ಏಳಲಿಲ್ಲ.

ಎಲ್ಲ ಸರಿಹೋಗುತ್ತೆ, ದೇವರಿದ್ದಾನೆ, ಧೈರ್ಯ ತಗೋ ಅಂತ ಒಂದು ಸಲವೂ ಅನ್ನಲಿಲ್ಲ. ಯಾರಾದರೂ ಹಾಗೆ ಅಂದಿದ್ದರೆ ನಾನು ಎದ್ದು ಹೊರಟುಬಿಡುತ್ತಿದ್ದೆ. ಯಾಕೆಂದರೆ ಅವತ್ತು ಸಂಜೆ ಅವನಿಗೆ ಫೋನ್ ಮಾಡಿ ಬೇಗ ಬಾ ಅಂದವನು ನಾನು. ಮಳೆ ನಿಲ್ಲಲಿ, ಬರ್ತೀನಿ ಅಂದಿದ್ದ. ಪಕ್ಕದ ಮನೆಯವರಿಗೆ ಮಾತು ಕೊಟ್ಟಿದ್ದೀವಿ, 7 ಗಂಟೆಗೆ ಪ್ರಾಕ್ಟೀಸ್ ನಿಲ್ಲಿಸಬೇಕು, ಈಗಲೇ ಹೊರಡು ಅಂದಿದ್ದೆ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಈಗ ಬರೆಯುವಾಗಲೂ ಕೈ ನಡುಗುತ್ತಿದೆ. ಮೆಟ್ಟಿಲ ಮೇಲೆ ಅಮ್ಮನ ಹತ್ತಿರ ಮಾತ್ರ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಅಂದರು:

"ನಾನೂ ಫೋನ್ ಮಾಡಿದ್ದೆ ಕಣೋ. ಉಪ್ಪಿಟ್ಟು ಮಾಡಿದೀನಿ, ಆರಿಹೋಗೋದ್ರೊಳಗೆ ಬಾ ಅಂದಿದ್ದೆ."

ಅಷ್ಟೇ. ನಿನ್ನ ತಪ್ಪಲ್ಲ ಅನ್ನಲಿಲ್ಲ. ದೊಡ್ಡ ಗಿಟಾರ್ ಆಂಪ್ಲಿಫೈಯರ್ ಒಬ್ಬನೇ ಎತ್ತಲು ಒದ್ದಾಡುವಾಗ ಯಾರೋ ಬಂದು ಮಾತಾಡದೆ ಇನ್ನೊಂದು ಕಡೆ ಹಿಡಿದುಕೊಳ್ಳುತ್ತಾರಲ್ಲ, ಹಾಗಿತ್ತು ಅದು. ಇಬ್ಬರೂ ಅತ್ತೆವು. ಆಮೇಲೆ ಅಮ್ಮ ಸೆರಗಿನಲ್ಲಿ ಲೋಟ ಒರೆಸಿ ಮತ್ತೆ ಕಾಫಿ ಬಗ್ಗಿಸಿದರು.

3 ಗಂಟೆ ಆಗಿರಬೇಕು. ಒಳಗಿನಿಂದ ಏನೂ ಸುದ್ದಿ ಇರಲಿಲ್ಲ. ಅಮ್ಮ ಇದ್ದಕ್ಕಿದ್ದಂತೆ ಕೇಳಿದರು: "ಮೂರು ವರ್ಷದಿಂದ ನಮ್ಮನೆ ಮಹಡೀಲಿ ಕಿರುಚ್ತಿದೀರ. ಏನಂತ ಕಿರುಚ್ತೀರ ಅಂತ ನಂಗೆ ಒಂದಿನಾನೂ ಗೊತ್ತಾಗಿಲ್ಲ. ಹೇಳು, ಕೇಳ್ತೀನಿ. ಹಾಡೋದು ಬೇಡ, ಸುಮ್ನೆ ಹೇಳು."

ಹೇಳಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಮ್ಮ ಹಾಡುಗಳನ್ನೆಲ್ಲ ಒಂದೊಂದು ಸಾಲಾಗಿ, ಪಾಠ ಒಪ್ಪಿಸುವ ಹಾಗೆ ಹೇಳಿದೆ. ಅವುಗಳಲ್ಲಿ ಒಂದು ನೀರಿನ ಹಾಡು. 2024ರ ಬೇಸಿಗೆ ಬೆಂಗಳೂರಿನಲ್ಲಿದ್ದವರಿಗೆ ಅದರ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ನವರು ಹೇಳಿದ್ದೇ ರೇಟು ಆಗಿ, ಕೊನೆಗೆ ಜಿಲ್ಲಾಡಳಿತವೇ 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ ಎಂದು ದರ ಗೊತ್ತುಮಾಡಿದ ವರ್ಷ ಅದು. ನಮ್ಮ ಪಲ್ಲವಿ ಆಗ ಇದ್ದದ್ದು "ನೀರಿಲ್ಲ, ನೀರಿಲ್ಲ, ನೀರಿಲ್ಲ" ಎಂದು ಮಾತ್ರ. ಅಮ್ಮ ಕೇಳಿಸಿಕೊಂಡು ಅಂದರು: "ನೀರಿಲ್ಲ ಅನ್ನೋದು ಎಲ್ಲರಿಗೂ ಗೊತ್ತಲ್ವಾ? ಇರೋ ನೀರು ಯಾರ ಮನೇಲಿದೆ, ಅದನ್ನ ಕೇಳು."

ಇಪಿಯ ಎರಡನೇ ಹಾಡಿನ ಪಲ್ಲವಿ ಈಗ "ಇರೋ ನೀರು ಯಾರ್ ಮನೇಲಿ?" ಎಂದಿದೆ. ಕವರ್ ಹಿಂದೆ ಸಾಹಿತ್ಯ ಅನ್ನುವ ಕಡೆ ಅಮ್ಮನ ಹೆಸರೂ ಇದೆ. ಅವರು ಪ್ರತಿ ಶನಿವಾರ ಭಜನಾ ಮಂಡಳಿಯಲ್ಲಿ ದಾಸರ ಪದ ಹಾಡುವವರು. ಅವತ್ತು ಇನ್ನೊಂದು ಮಾತನ್ನೂ ಹೇಳಿದ್ದರು. "ಕಿರುಚು, ಬೇಡ ಅನ್ನಲ್ಲ. ಆದ್ರೆ ಪದ ನುಂಗ್ಬೇಡ." ರೆಕಾರ್ಡಿಂಗ್ ದಿನ ಮೈಕ್ ಸ್ಟ್ಯಾಂಡಿಗೆ ಆ ಮಾತು ಬರೆದ ಚೀಟಿ ಅಂಟಿಸಿಕೊಂಡಿದ್ದೆ.

ಆಮೇಲೆ ಐದು ತಿಂಗಳು ನಾವು ಯಾರೂ ಆ ಮಹಡಿ ರೂಮಿಗೆ ಹೋಗಲಿಲ್ಲ. ಅಮ್ಮ ಹೋಗುತ್ತಿದ್ದರು. ಕಸ ಗುಡಿಸಿ, ಡ್ರಮ್ ಮೇಲೆ ಹೊದಿಸಿದ್ದ ಬೆಡ್‌ಶೀಟ್ ಒಗೆದು, ಮತ್ತೆ ಹೊದಿಸಿ ಬರುತ್ತಿದ್ದರು. ಬಾಡಿಗೆಗೆ ಕೇಳಿಕೊಂಡು ಬಂದವರಿಗೆ "ಹುಡುಗರ ಸಾಮಾನಿದೆ" ಅಂತ ಹೇಳಿ ಕಳಿಸಿದ್ದು ನನಗೆ ಗೊತ್ತಾದದ್ದು ಹೋದ ತಿಂಗಳು. ಆ ಮನೆಗೆ ಬಾಡಿಗೆ ಹಣ ಎಷ್ಟು ಮುಖ್ಯ ಅನ್ನುವುದು ಗೊತ್ತಿರುವುದರಿಂದ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಂಡ್ ನಿಲ್ಲಿಸೋಣ ಎಂದು ನಾನು ಅಂದಾಗ ಬೇಡ ಅಂದವನು ಆ ಗಿಟಾರಿಸ್ಟೇ. ಒಂದು ರಾತ್ರಿ ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದ. ಅದರಲ್ಲಿ ಇದ್ದದ್ದು ಪೂರ್ತಿ ಬ್ಯಾಡ್ ರಿಲಿಜನ್ ಅನ್ನುವ ಅಮೆರಿಕದ ಪಂಕ್ ಬ್ಯಾಂಡಿನ ಕಥೆ. 1983ರಲ್ಲಿ ಅವರು ಕೀಬೋರ್ಡ್ ತುಂಬಿದ ಆಲ್ಬಂ ಮಾಡಿದರು, ಬ್ಯಾಂಡ್ ಚೆದುರಿಹೋಯಿತು. ಆಮೇಲೆ 1985ರಲ್ಲಿ ಐದೇ ಹಾಡಿನ ಒಂದು ಚಿಕ್ಕ ಇಪಿ ಬಂತು. ಅದರಲ್ಲಿ ಗಿಟಾರ್ ಹಿಡಿದವರು ಸರ್ಕಲ್ ಜರ್ಕ್ಸ್ ಅನ್ನುವ ಬೇರೆ ಬ್ಯಾಂಡಿನ ಗ್ರೆಗ್ ಹೆಟ್‌ಸನ್. ಹಳೆಯ ಗಿಟಾರಿಸ್ಟ್ ಬ್ರೆಟ್ ಗುರೆವಿಟ್ಜ್ ಆಗ ಬ್ಯಾಂಡಿನಲ್ಲಿ ಇರಲಿಲ್ಲ. 1988ರ ಆಲ್ಬಂ ಹೊತ್ತಿಗೆ ಬ್ರೆಟ್ ವಾಪಸ್ ಬಂದಿದ್ದರು, ಗ್ರೆಗ್ ಕೂಡ ಅಲ್ಲೇ ಇದ್ದರು. ಇಬ್ಬರೂ ಒಟ್ಟಿಗೆ ಬಾರಿಸಿದರು. "ಯಾರಾದ್ರೂ ಬಂದ್ರೆ ನನ್ ಜಾಗ ಹೋಗಲ್ಲ ಕಣೋ. ಮೊದಲು ಒಂದು ಚಿಕ್ಕ ಇಪಿ ಮಾಡಿ" ಅಂದಿದ್ದ. ಆ ಮೆಸೇಜನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಹಾಗೆ ಬಂದವಳು ನಮ್ಮ ಧಾರವಾಡದ ಹುಡುಗಿ. ಈ ಇಪಿ ಅವಳದು, ಆದರೂ ಅವಳ ಬಗ್ಗೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ. ಆಡಿಷನ್‌ಗೆ ಬಂದ ಇಬ್ಬರು ಅವನ ಹಾಗೆಯೇ ಬಾರಿಸಲು ನೋಡಿದರು. ಚೆನ್ನಾಗಿಯೇ ಬಾರಿಸಿದರು, ಆದರೆ ನಮಗೆ ಕೇಳಲು ಆಗಲಿಲ್ಲ. ಇವಳು ಗಿಟಾರ್ ಟ್ಯೂನ್ ಮಾಡುತ್ತಲೇ ಹೇಳಿದಳು: "ಅವ್ರ ಹಂಗ ನಾ ಬಾರ್ಸಂಗಿಲ್ರಿ. ನನಗ ಬಂದ್ಹಂಗ ಬಾರಸ್ತೀನಿ. ನಡೀತದೇನ್ರಿ?" ನಡೆಯಿತು. ಅವನು ಬರೀ ಡೌನ್‌ಸ್ಟ್ರೋಕ್ ಹೊಡೆಯುತ್ತಿದ್ದ ಕಡೆ ಇವಳು ಮೇಲಕ್ಕೂ ಕೆಳಕ್ಕೂ ಹೊಡೆಯುತ್ತಾಳೆ, ಮೇಲಿನ ಎರಡು ತಂತಿ ತೆರೆದು ಬಿಡುತ್ತಾಳೆ, ಅವು ಹಿಂದೆ ಗುಂಯ್ ಅನ್ನುತ್ತಲೇ ಇರುತ್ತವೆ. ನೀರಿನ ಹಾಡಿನಲ್ಲಿ ಪಲ್ಲವಿಗೆ ಮುಂಚೆ ಎರಡು ಬೀಟ್ ಪೂರ್ತಿ ನಿಲ್ಲಿಸಿಬಿಡುತ್ತಾಳೆ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಏನೂ ಇಲ್ಲ. ಆ ಖಾಲಿಯಿಂದ ಅಮ್ಮನ ಸಾಲು ಎದ್ದು ಬರುತ್ತದೆ. ಎರಡನೇ ವಾರ ಊರಿಂದ ಅಜ್ಜಿ ಹೊಲಿದ ಕೌದಿ ತಂದು ಮಹಡಿ ರೂಮಿನ ಕಿಟಕಿಗೆ ಕಟ್ಟಿದಳು. ಈಗ ಪಕ್ಕದ ಮನೆಯವರಿಗೆ ಸದ್ದು ಕಡಿಮೆಯಂತೆ.

1977ರ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಬಜ್‌ಕಾಕ್ಸ್ ಬ್ಯಾಂಡಿನವರು 500 ಪೌಂಡ್ ಸಾಲ ಮಾಡಿ, ತಮ್ಮದೇ ಲೇಬಲ್‌ನಲ್ಲಿ ನಾಲ್ಕು ಹಾಡಿನ ಇಪಿ ತಂದರು, ಮೊದಲಿಗೆ 1,000 ಪ್ರತಿ. ನಮಗೂ ಸಾಲ ಕೊಟ್ಟವರಿದ್ದಾರೆ. ಕೊಟ್ಟ ಮೇಲೆ ಯಾವಾಗ ವಾಪಸ್ ಎಂದು ಕೇಳದ ಕಾಲೇಜಿನ ಗೆಳೆಯರು, ರಕ್ತ ಕೊಟ್ಟವರು, ತಮ್ಮ ಗಿಗ್‌ನಲ್ಲಿ ಡಬ್ಬಿ ಇಟ್ಟು ಆಸ್ಪತ್ರೆ ಬಿಲ್ಲಿಗೆ ಹಣ ಕೂಡಿಸಿದ ಬೇರೆ ಬ್ಯಾಂಡಿನವರು, ಎಸ್.ಪಿ. ರೋಡಿನಲ್ಲಿ ಸುಟ್ಟುಹೋದ ಆಂಪ್ ರಿಪೇರಿ ಮಾಡಿಕೊಟ್ಟ ಅಣ್ಣ, ಅವೆನ್ಯೂ ರೋಡಿನಲ್ಲಿ ಕವರ್ ಪ್ರಿಂಟ್ ಮಾಡಿಕೊಟ್ಟವರು, ಸಂಜೆ 4ರಿಂದ 7ರವರೆಗೆ ನಮ್ಮನ್ನು ಸಹಿಸಿಕೊಂಡ ಬೀದಿಯವರು, ನಿಮಗೆಲ್ಲ ಮನಸ್ಸು ತುಂಬಿ ಥ್ಯಾಂಕ್ಸ್. ಎರಡೇ ದಿನದಲ್ಲಿ, ನಮ್ಮೆಲ್ಲರನ್ನೂ ಒಂದೇ ರೂಮಿನಲ್ಲಿ ನಿಲ್ಲಿಸಿ ರೆಕಾರ್ಡ್ ಮಾಡಿದ ನಮ್ಮ ಸೌಂಡ್ ಎಂಜಿನಿಯರ್‌ಗೆ ಇನ್ನೊಂದು ಥ್ಯಾಂಕ್ಸ್. ಈಗ ಯಾರೂ ಹೀಗೆ ಮಾಡಲ್ಲ ಎಂದು ಹೇಳುತ್ತಲೇ, ನಾವು ಕೇಳಿದ ಹಾಗೆ ಬೇಸ್ ಎಡಗಡೆ, ಗಿಟಾರ್ ಬಲಗಡೆ ಇಟ್ಟುಕೊಟ್ಟರು.

ಕೊನೆಯ ಮಿಕ್ಸ್ ಫೋನಿಗೆ ಬಂದ ಸಂಜೆ ಅವನು ಅಮ್ಮನ ಮನೆಗೆ ಬಂದಿದ್ದ. ಮಹಡಿ ಮೆಟ್ಟಿಲ ಮೇಲೆ ಕೂತೆವು. ಅವನ ಜೇಬಿನಲ್ಲಿ ವೈರ್ ಇರುವ ಇಯರ್‌ಫೋನ್ ಇತ್ತು. ಬಲಗಡೆಯದನ್ನು ತಾನು ಹಾಕಿಕೊಂಡ, ಎಡಗಡೆಯದನ್ನು ನನಗೆ ಕೊಟ್ಟ. ಅವನ ಕಿವಿಯಲ್ಲಿ ಅವಳ ಗಿಟಾರ್. ಅವಳು ಎರಡು ಮೆಟ್ಟಿಲು ಕೆಳಗೆ, ನಮ್ಮ ಕಡೆ ನೋಡದೆ ಉಗುರು ಕಚ್ಚುತ್ತಾ ಕೂತಿದ್ದಳು. 9 ನಿಮಿಷ 40 ಸೆಕೆಂಡ್ ಯಾರೂ ಮಾತಾಡಲಿಲ್ಲ. ಅವನ ಬಲಗೈ ಮಾತ್ರ ತೊಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಹೊಡೆಯುತ್ತಿತ್ತು. ನೀರಿನ ಹಾಡಿನ ಆ ಎರಡು ಬೀಟ್ ಬಂದಾಗ ಅದೂ ನಿಂತಿತು.

ಮುಗಿದ ಮೇಲೆ ಅವಳಿಗೆ ಹೇಳಿದ: "ನಾನಾಗಿದ್ರೆ ಅಲ್ಲಿ ನಿಲ್ಲಿಸ್ತಿರ್ಲಿಲ್ಲ. ನೀನು ನಿಲ್ಲಿಸಿದ್ದೇ ಸರಿ." ಆಮೇಲೆ ತನ್ನ ಕಿವಿಯಿಂದ ತೆಗೆದು ಅಮ್ಮನ ಕಿವಿಗೆ ಇಟ್ಟ. ಅಮ್ಮ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೇಳಿದರು. "ಹೂಂ, ಈಗ ಪದ ಗೊತ್ತಾಗ್ತಿದೆ" ಅಂದರು.

ಅಮ್ಮ, ನಿಮ್ಮ ಫ್ಲಾಸ್ಕ್ ಆ ರಾತ್ರಿಯಿಂದ ನನ್ನ ಹತ್ತಿರಾನೇ ಇದೆ. ಹೊಸ ಮುಚ್ಚಳ ಹಾಕಿಸಿದ್ದೀನಿ. ಭಾನುವಾರ ಪ್ರಾಕ್ಟೀಸ್‌ಗೆ ಬರುವಾಗ ತರ್ತೀನಿ.